ಮುಂದೆ ಜಾಮ್ ಇದೆ ಅಂತ ಗೊತ್ತಾದ ಮೇಲೆ

ದಕ್ಷಿಣ ಬೆಂಗಳೂರಿನ ಪುಟ್ಟೇನಹಳ್ಳಿಯಿಂದ ಹೊರಬೀಳುವ ದೊಡ್ಡ ದಾರಿಗಳು ನಾಲ್ಕೈದು ಮಾತ್ರ. ಜೆ.ಪಿ. ನಗರದ 24ನೇ ಮೇನ್ ಹಿಡಿದು ರಿಂಗ್ ರೋಡ್ ಸೇರಬಹುದು. ಪೂರ್ವಕ್ಕೆ ಹೊರಟರೆ ಬನ್ನೇರುಘಟ್ಟ ರಸ್ತೆ, ಪಶ್ಚಿಮಕ್ಕೆ ಹೊರಟರೆ ಸಾರಕ್ಕಿ ಸಿಗ್ನಲ್ ಇಲ್ಲವೇ ಕೋಣನಕುಂಟೆ ಕಡೆಯಿಂದ ಕನಕಪುರ ರಸ್ತೆ. ದಕ್ಷಿಣಕ್ಕೆ ಕೊತ್ತನೂರು ದಿಣ್ಣೆ, ಜಂಬೂಸವಾರಿ ದಿಣ್ಣೆ. ಫೋನಿನ ನಕ್ಷೆ ತೆರೆದರೆ ಇವುಗಳ ನಡುವೆ ನೂರಾರು ಅಡ್ಡರಸ್ತೆಗಳು ಕಾಣುತ್ತವೆ. ಆದರೆ ಆ ಅಡ್ಡರಸ್ತೆಗಳಲ್ಲಿ ಈ ತುದಿಯಿಂದ ಆ ತುದಿಗೆ ನೇರವಾಗಿ ದಾಟಿಸುವವು ಬಹಳ ಕಡಿಮೆ. ಅದಕ್ಕೆ ಕಾರಣ ಹಳೆಯದು. ಪುಟ್ಟೇನಹಳ್ಳಿ, ಸಾರಕ್ಕಿ, ಚುಂಚಘಟ್ಟ, ಕೊತ್ತನೂರು, ಪ್ರತಿ ಹಳ್ಳಿಗೂ ತನ್ನದೇ ಕೆರೆ ಇತ್ತು, ಇವತ್ತಿಗೂ ಇದೆ. ಕೆರೆಗಳ ನಡುವಿನ ಹೊಲಗಳು ಒಂದೊಂದಾಗಿ ಬಡಾವಣೆಗಳಾದಾಗ ಪ್ರತಿ ಬಡಾವಣೆಯೂ ತನ್ನೊಳಗಿನ ರಸ್ತೆಯ ಬಗ್ಗೆ ಯೋಚಿಸಿತು, ಪಕ್ಕದ ಬಡಾವಣೆಗೆ ಕೂಡಿಸುವ ರಸ್ತೆಯ ಬಗ್ಗೆ ಯಾರೂ ಯೋಚಿಸಲಿಲ್ಲ. ಹಾಗಾಗಿ ಒಂದು ಕ್ರಾಸ್ ಕೆರೆ ಏರಿಯ ಬುಡದಲ್ಲಿ ನಿಂತುಬಿಡುತ್ತದೆ, ಇನ್ನೊಂದು ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಹೋಗಿ ಮುಟ್ಟುತ್ತದೆ, ಮತ್ತೊಂದು ರಾಜಕಾಲುವೆ ಕಂಡು ತಿರುಗುತ್ತದೆ.

ಇಂಥ ಊರಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಡುವ ಒಬ್ಬರ ಕೈಯಲ್ಲಿ ಇವತ್ತು ಅವರ ಅಪ್ಪ ಅಮ್ಮನಿಗೆ ಇಲ್ಲದ ತಿಳಿವಳಿಕೆ ಇದೆ. ರಿಂಗ್ ರೋಡ್ ಎಲ್ಲಿ ಕೆಂಪಾಗಿದೆ, ಬನ್ನೇರುಘಟ್ಟ ರಸ್ತೆಯಲ್ಲಿ ಎಷ್ಟು ನಿಮಿಷ ತಡ, ಮೆಟ್ರೋ ಹತ್ತಿದರೆ ಎಷ್ಟು ಹೊತ್ತಿಗೆ ತಲುಪಬಹುದು, ಎಲ್ಲವೂ ಅಂಗೈ ಮೇಲಿದೆ. ಇಷ್ಟೆಲ್ಲ ಗೊತ್ತಾದ ಮೇಲೆ ಅವರು ಏನು ಮಾಡುತ್ತಾರೆ? ಸಾರಿಗೆ ವಿಜ್ಞಾನಿಗಳು ಮೂವತ್ತೈದು ನಲವತ್ತು ವರ್ಷಗಳಿಂದ ಬಗೆಬಗೆಯಾಗಿ ಕೇಳುತ್ತ ಬಂದಿರುವ ಪ್ರಶ್ನೆ ಇದು. ಸಿಕ್ಕ ಉತ್ತರ ನಾವು ನಿರೀಕ್ಷಿಸುವಂಥದ್ದಲ್ಲ. ಹೆಚ್ಚಿನವರು ನಕ್ಷೆ ನೋಡುತ್ತಾರೆ, ನಿಮಿಷ ಲೆಕ್ಕ ಹಾಕುತ್ತಾರೆ, ಆಮೇಲೆ ನಿನ್ನೆ ಹೋದ ದಾರಿಯಲ್ಲೇ ಹೋಗುತ್ತಾರೆ.

ಈ ನಡತೆಯನ್ನು ಮಂಕುತನ ಎಂದು ತಳ್ಳಿಹಾಕುವುದು ಸುಲಭ. ಅದರೊಳಗೆ ತುಂಬ ವಿವೇಕವಿದೆ ಎಂದು ನನಗೆ ಅನ್ನಿಸುತ್ತದೆ. ಅದು ಯಾಕೆ ಎಂದು ತಿಳಿಯಬೇಕಾದರೆ ಮೊದಲು ಆ ಕೆಂಪು ಗೆರೆ ಎಲ್ಲಿಂದ ಬರುತ್ತದೆ ಎಂದು ನೋಡಬೇಕು.

ಬೆಂಗಳೂರಿನ ಜನರಿಗೆ ರಸ್ತೆಯ ಸುದ್ದಿ ಮೊದಲು ಬಂದದ್ದು ಕಿವಿಯ ಮೂಲಕ. 2001ರ ಜುಲೈಯಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಈ ನಗರದಲ್ಲೇ ಶುರುವಾಯಿತು. ಹಾಡುಗಳ ಮಧ್ಯೆ ಯಾವ ಜಂಕ್ಷನ್‌ನಲ್ಲಿ ಗಾಡಿಗಳು ನಿಂತಿವೆ ಎಂದು ಹೇಳುವುದು ಕ್ರಮೇಣ ಎಲ್ಲ ಕೇಂದ್ರಗಳ ಪದ್ಧತಿಯಾಯಿತು. ಗೂಗಲ್‌ನ ಬಣ್ಣದ ಗೆರೆಗಳು ಇಲ್ಲಿಗೆ ಬರುವ ಮೊದಲೇ ಬೆಂಗಳೂರು ಸಂಚಾರ ಪೊಲೀಸರು ಮ್ಯಾಪ್‌ಯೂನಿಟಿ ಎಂಬ ಸ್ಥಳೀಯ ಸಂಸ್ಥೆಯೊಂದಿಗೆ ಸೇರಿ ಬಿಟಿಐಎಸ್ ಎಂಬ ಸಾರಿಗೆ ಮಾಹಿತಿ ವ್ಯವಸ್ಥೆ ಕಟ್ಟಿದ್ದರು. ಒಂದು ಮೊಬೈಲ್ ಟವರಿನ ವ್ಯಾಪ್ತಿಯಲ್ಲಿ ಎಷ್ಟು ಫೋನುಗಳು ಒತ್ತೊತ್ತಾಗಿವೆ ಎಂಬುದರಿಂದ ಅಲ್ಲಿ ಗಾಡಿಗಳ ಒತ್ತಡ ಎಷ್ಟಿರಬಹುದೆಂದು ಅಂದಾಜು ಮಾಡುವ ಉಪಾಯ ಅದರಲ್ಲಿತ್ತು. ಬಡ ದೇಶದ ನಗರವೊಂದು ರಸ್ತೆಯ ಅಡಿಯಲ್ಲಿ ದುಬಾರಿ ಸಂವೇದಕಗಳನ್ನು ಹೂಳದೆ, ಜನರ ಜೇಬಿನಲ್ಲಿ ಆಗಲೇ ಇದ್ದ ಯಂತ್ರವನ್ನೇ ಸಂವೇದಕ ಮಾಡಿಕೊಂಡ ಆ ಯೋಚನೆ ಕಾಲಕ್ಕಿಂತ ಮುಂದಿತ್ತು. ಅದಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ. ಆ ಬಳಿಕ ಬಿ-ಟ್ರ್ಯಾಕ್ 2010 ಯೋಜನೆಯಡಿ ಮುಖ್ಯ ರಸ್ತೆಗಳ ಮೇಲೆ ಅಕ್ಷರ ಬದಲಾಗುವ ಎಲೆಕ್ಟ್ರಾನಿಕ್ ಫಲಕಗಳು ಬಂದವು. 2012ರಲ್ಲಿ ಗೂಗಲ್ ನಕ್ಷೆಯ ಮೇಲೆ ನಮ್ಮ ರಸ್ತೆಗಳಿಗೆ ಹಸಿರು, ಹಳದಿ, ಕೆಂಪು ಹತ್ತಿತು.

ಈ ಬಣ್ಣಗಳಿಗೆ ಮೂಲ ನಾವೇ. ಸ್ಥಳದ ಮಾಹಿತಿ ಕೊಡಲು ಒಪ್ಪಿರುವ ಪ್ರತಿ ಫೋನೂ ತಾನು ಎಲ್ಲಿದ್ದೇನೆ, ಎಷ್ಟು ವೇಗದಲ್ಲಿ ಸಾಗುತ್ತಿದ್ದೇನೆ ಎಂದು ಆಗಾಗ ತಿಳಿಸುತ್ತಿರುತ್ತದೆ. ಒಂದೇ ರಸ್ತೆಯ ಮೇಲಿನ ಅನೇಕ ಫೋನುಗಳ ವೇಗವನ್ನು ಕೂಡಿಸಿ, ಆ ರಸ್ತೆ ಖಾಲಿಯಿದ್ದಾಗಿನ ವೇಗಕ್ಕೆ ಹೋಲಿಸಿ ಬಣ್ಣ ಬಳಿಯುತ್ತಾರೆ. 2020ರ ಫೆಬ್ರವರಿಯಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬರ್ಲಿನ್‌ನ ಕಲಾವಿದ ಸೈಮನ್ ವೆಕರ್ಟ್ ಒಂದು ಕೈಗಾಡಿಯಲ್ಲಿ 99 ಫೋನುಗಳನ್ನು ಹಾಕಿಕೊಂಡು ಖಾಲಿ ಬೀದಿಯಲ್ಲಿ ನಿಧಾನವಾಗಿ ನಡೆದರು. ನಕ್ಷೆಯಲ್ಲಿ ಆ ಬೀದಿ ಕೆಂಪಾಯಿತು. ನಕ್ಷೆಗೆ ರಸ್ತೆ ಕಾಣುವುದಿಲ್ಲ, ಫೋನುಗಳು ಮಾತ್ರ ಕಾಣುತ್ತವೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರೂ ತೋರಿಸಿಲ್ಲ.

ಬರ್ಲಿನ್‌ನಲ್ಲಿ ಅದು ಕಲೆ. ಬೆಂಗಳೂರಿನಲ್ಲಿ ಅದೇ ತೊಡಕು ದಿನವೂ ಎದುರಾಗುತ್ತದೆ, ಏಕೆಂದರೆ ನಮ್ಮ ರಸ್ತೆಯ ಮೇಲಿನ ಫೋನುಗಳು ಒಂದೇ ಜಾತಿಯ ಗಾಡಿಯಲ್ಲಿಲ್ಲ. ಈ ನಗರದ ನೋಂದಾಯಿತ ವಾಹನಗಳಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ದ್ವಿಚಕ್ರ ವಾಹನಗಳು. 24ನೇ ಮೇನ್‌ನಲ್ಲಿ ಕಾರುಗಳು ನಿಂತೇ ಇದ್ದರೂ ಸ್ಕೂಟರುಗಳು ಎಡಬಲದ ಸಂದಿಯಲ್ಲಿ ನುಗ್ಗಿ ಸಿಗ್ನಲ್ಲಿನ ಮುಂದಕ್ಕೆ ಹೋಗಿಬಿಡುತ್ತವೆ. ಹಾಗಾದರೆ ಆ ರಸ್ತೆಯ ವೇಗ ಎಷ್ಟು? ಕಾರಿನವರಿಗೆ ಒಂದು ಉತ್ತರ, ಸ್ಕೂಟರಿನವರಿಗೆ ಇನ್ನೊಂದು, ಪ್ರತಿ ನಿಲ್ದಾಣದಲ್ಲೂ ಬದಿಗೆ ಸರಿದು ನಿಲ್ಲಬೇಕಾದ ಬಸ್ಸಿಗೆ ಮತ್ತೊಂದು. 2017ರ ಡಿಸೆಂಬರ್‌ನಲ್ಲಿ ಗೂಗಲ್ ನಕ್ಷೆಯಲ್ಲಿ ದ್ವಿಚಕ್ರ ವಾಹನಗಳಿಗೆಂದೇ ಪ್ರತ್ಯೇಕ ದಾರಿ ತೋರಿಸುವ ಸೌಲಭ್ಯ ಮೊದಲು ಭಾರತದಲ್ಲೇ ಬಂದದ್ದು ಈ ಕಾರಣಕ್ಕೆ. ಎತ್ತರದ ತೊಡಕು ಬೇರೆಯೇ ಇದೆ. ಉಪಗ್ರಹದ ಸಂಕೇತದಿಂದ ಫೋನು ಎಡಬಲವನ್ನು ಚೆನ್ನಾಗಿ ಅಳೆಯಬಲ್ಲದು, ಮೇಲುಕೆಳಗನ್ನು ಅಷ್ಟು ಚೆನ್ನಾಗಿ ಅಳೆಯಲಾರದು. 2024ರ ಜುಲೈಯಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ತೆರೆದ ಡಬಲ್ ಡೆಕ್ಕರ್ ಮೇಲ್ಸೇತುವೆಯಲ್ಲಿ ನೆಲದ ಮೇಲೊಂದು ರಸ್ತೆ, ಅದರ ಮೇಲೊಂದು ರಸ್ತೆ, ಅದಕ್ಕೂ ಮೇಲೆ ಮೆಟ್ರೋ ಹಳಿ. ಮೂರರಲ್ಲೂ ಸಾಗುವ ಫೋನುಗಳು ನಕ್ಷೆಯ ಒಂದೇ ಗೆರೆಯ ಮೇಲೆ ಬೀಳುತ್ತವೆ. ಅಂಡರ್‌ಪಾಸ್‌ನೊಳಗೆ ಇಳಿದರಂತೂ ಸಂಕೇತವೇ ಕ್ಷೀಣಿಸುತ್ತದೆ. ಇವನ್ನೆಲ್ಲ ಲೆಕ್ಕಕ್ಕೆ ತಂದುಕೊಳ್ಳುವ ಗಣಿತ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿದೆ, ನಿಜ. ಆದರೂ ಜೆ.ಪಿ. ನಗರದ ಅನುಭವಸ್ಥ ಆಟೋ ಚಾಲಕರು "ಮ್ಯಾಪ್ ನಂಬ್ಕೊಂಡು ಹೋದ್ರೆ ಗಲ್ಲಿಗೆ ತಂದು ನಿಲ್ಲಿಸುತ್ತೆ ಸಾರ್" ಎಂದರೆ ಅದು ಹೊಸದನ್ನು ಒಪ್ಪದ ಹಟವಲ್ಲ. ಪಕ್ಕದ ಓಣಿಯಲ್ಲಿ ತರಕಾರಿ ಗಾಡಿಗಳು ನಿಲ್ಲುವ ಹೊತ್ತು, ಶಾಲೆ ಬಿಡುವ ಹೊತ್ತು, ಶಾಮಿಯಾನ ಹಾಕಿ ರಸ್ತೆ ಮುಚ್ಚುವ ಹಬ್ಬದ ದಿನ ಅವರಿಗೆ ಗೊತ್ತು. ಹೆಚ್ಚು ಫೋನುಗಳು ಓಡಾಡದ ಓಣಿಯ ಬಗ್ಗೆ ನಕ್ಷೆಗೆ ತಿಳಿಯುವುದು ತಡವಾಗಿ.

ಅದೇ ಚಾಲಕರು ಗೊತ್ತಿಲ್ಲದ ಬಡಾವಣೆಗೆ ಬಾಡಿಗೆ ಬಂದರೆ ಮೊದಲು ಫೋನನ್ನೇ ನೋಡುತ್ತಾರೆ. ಒಬ್ಬನೇ ಮನುಷ್ಯ ಒಂದೇ ದಿನದಲ್ಲಿ ನಂಬುವವನೂ ಆಗಿರುತ್ತಾನೆ, ನಂಬದವನೂ ಆಗಿರುತ್ತಾನೆ. ಆದ್ದರಿಂದ "ಜನ ತಂತ್ರಜ್ಞಾನವನ್ನು ಒಪ್ಪುತ್ತಾರೋ ಇಲ್ಲವೋ" ಎಂದು ಒಂದೇ ಮಾತಲ್ಲಿ ಕೇಳುವ ಸಮೀಕ್ಷೆಗಳಿಂದ ನನಗೆ ಹೆಚ್ಚು ತಿಳಿದಂತೆ ಅನ್ನಿಸುವುದಿಲ್ಲ. ಕೇಳಬೇಕಾದದ್ದು ಯಾವ ಪ್ರಯಾಣಕ್ಕೆ, ಯಾವ ಹೊತ್ತಿನಲ್ಲಿ, ಎಷ್ಟು ದಾರಿಗಳಿರುವಾಗ ಎಂದು.

ಹಳೆಯ ದಾರಿಯನ್ನು ಬಿಡದಿರುವ ವಿವೇಕದ ವಿಷಯಕ್ಕೆ ಬರುತ್ತೇನೆ. 1991ರಲ್ಲಿ ಸಾರಿಗೆ ಸಂಶೋಧಕರಾದ ಹಾನಿ ಮಹಮಸ್ಸಾನಿ ಮತ್ತು ಆರ್. ಜಯಕೃಷ್ಣನ್ ಕಂಪ್ಯೂಟರಿನಲ್ಲಿ ರಸ್ತೆಗಳ ಜಾಲ ಕಟ್ಟಿ, ಚಾಲಕರಿಗೆ ಆ ಕ್ಷಣದ ಸುದ್ದಿ ಕೊಟ್ಟರೆ ಏನಾಗುತ್ತದೆಂದು ಲೆಕ್ಕ ಹಾಕಿದರು. ಅವರ ಮಾದರಿಯಲ್ಲಿ ಚಾಲಕ ಪ್ರತಿ ಸಣ್ಣ ಲಾಭಕ್ಕೂ ದಾರಿ ಬದಲಿಸುವುದಿಲ್ಲ. ಉಳಿತಾಯ ಒಂದು ಮಿತಿ ದಾಟಿದರೆ ಮಾತ್ರ ಬದಲಿಸುತ್ತಾನೆ. ನಮ್ಮ ಅನುಭವವೂ ಅದೇ. "ಇನ್ನೊಂದು ದಾರಿಯಲ್ಲಿ ಎರಡು ನಿಮಿಷ ಬೇಗ" ಎಂದು ಫೋನು ಹೇಳಿದರೆ ಯಾರು ತಿರುಗುತ್ತಾರೆ? ಹೊಸ ದಾರಿಯ ಗುಂಡಿ, ಹಂಪು, ನಾಯಿ, ಎದುರಿಗೆ ಬರುವ ನೀರಿನ ಟ್ಯಾಂಕರು, ಬಲಕ್ಕೆ ತಿರುಗಲು ಕಾಯಬೇಕಾದ ಕಷ್ಟ, ಇವಕ್ಕೆಲ್ಲ ಬೆಲೆ ಕಟ್ಟಿದರೆ ಎರಡು ನಿಮಿಷ ಏನೂ ಅಲ್ಲ. ಪರಿಚಯದ ದಾರಿಯಲ್ಲಿ ತಡವಾದರೂ ಎಷ್ಟು ತಡ ಎಂಬ ಅಂದಾಜಿರುತ್ತದೆ.

ಆದರೆ ರೂಢಿ ಯಾವಾಗಲೂ ನಮ್ಮ ಒಳ್ಳೆಯದಕ್ಕೇ ಇರುತ್ತದೆ ಎನ್ನುವಂತಿಲ್ಲ. 2014ರ ಫೆಬ್ರವರಿಯಲ್ಲಿ ಲಂಡನ್ ನಗರದ ಸುರಂಗ ರೈಲಿನ ನೌಕರರು ಎರಡು ದಿನ ಮುಷ್ಕರ ಹೂಡಿದರು. ಅನೇಕ ನಿಲ್ದಾಣಗಳು ಮುಚ್ಚಿದವು, ಜನ ಬೇರೆ ದಾರಿ ಹುಡುಕಬೇಕಾಯಿತು. ಆ ದಿನಗಳ ಟಿಕೆಟ್ ಕಾರ್ಡುಗಳ ದಾಖಲೆ ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಿಗೆ, ಮುಷ್ಕರ ಮುಗಿದ ಮೇಲೂ ಸುಮಾರು ಶೇಕಡಾ 5ರಷ್ಟು ಜನ ಹಳೆಯ ದಾರಿಗೆ ಮರಳಲಿಲ್ಲ ಎಂದು ಕಂಡಿತು. ವರ್ಷಗಟ್ಟಲೆ ದಿನವೂ ಓಡಾಡಿದವರಿಗೆ ತಮಗೆ ಒಳ್ಳೆಯ ದಾರಿ ಬೇರೊಂದಿದೆ ಎಂದು ತಿಳಿಯಲು ಮುಷ್ಕರವೇ ಆಗಬೇಕಾಯಿತು. ಅಲ್ಲಿ ನಕ್ಷೆಗೂ ವೇಳಾಪಟ್ಟಿಗೂ ಕೊರತೆಯಿರಲಿಲ್ಲ. ನಮ್ಮ ಕಡೆ ಇಂಥ ಬಲವಂತದ ಪ್ರಯೋಗಗಳು ಬೇಕಾದಷ್ಟು ನಡೆದಿವೆ. 2020ರ ಜನವರಿಯಲ್ಲಿ ಮೆಟ್ರೋ ಕಾಮಗಾರಿಗಾಗಿ ಜಯದೇವ ಮೇಲ್ಸೇತುವೆ ಕೆಡವಲು ಶುರು ಮಾಡಿದಾಗ ಬನ್ನೇರುಘಟ್ಟ ರಸ್ತೆಯವರು, ಬಿಟಿಎಂ ಬಡಾವಣೆಯವರು, ಜೆ.ಪಿ. ನಗರದವರು ಎಲ್ಲರೂ ಹೊಸ ದಾರಿ ಕಲಿಯಬೇಕಾಯಿತು.

ಸಂಗತಿ ನಿಜಕ್ಕೂ ಕಗ್ಗಂಟಾಗುವುದು ಇಲ್ಲಿಂದ ಮುಂದೆ. ಒಬ್ಬರಿಗೆ ಸುದ್ದಿ ಗೊತ್ತಿದ್ದರೆ ಅವರಿಗೆ ಲಾಭ. ಎಲ್ಲರಿಗೂ ಗೊತ್ತಿದ್ದರೆ?

1952ರಲ್ಲಿ ಬ್ರಿಟನ್ನಿನ ಜಾನ್ ಗ್ಲೆನ್ ವಾರ್ಡ್ರಾಪ್ ಒಂದು ಸರಳ ತತ್ತ್ವ ಹೇಳಿದರು. ಪ್ರತಿಯೊಬ್ಬರೂ ತಮಗೆ ಬೇಗನೆನಿಸಿದ ದಾರಿಯನ್ನೇ ಆರಿಸುತ್ತ ಹೋದರೆ, ಕೊನೆಗೆ ಬಳಕೆಯಲ್ಲಿರುವ ದಾರಿಗಳೆಲ್ಲ ಒಂದೇ ಸಮಯ ಹಿಡಿಯುವ ಸ್ಥಿತಿಗೆ ಬಂದು ನಿಲ್ಲುತ್ತವೆ. ಪುಟ್ಟೇನಹಳ್ಳಿಯಿಂದ ಬನ್ನೇರುಘಟ್ಟ ರಸ್ತೆ ಸೇರಲು ರಿಂಗ್ ರೋಡಿನಲ್ಲಿ ಮೂವತ್ತು ನಿಮಿಷ, ಒಳಗಿನ ಕ್ರಾಸುಗಳಲ್ಲಿ ಇಪ್ಪತ್ತು ನಿಮಿಷ ಎಂದಿಟ್ಟುಕೊಳ್ಳೋಣ. ಫೋನು ನೋಡಿದವರು ಕ್ರಾಸುಗಳಿಗೆ ತಿರುಗುತ್ತಾರೆ. ಕ್ರಾಸು ತುಂಬುತ್ತ ಇಪ್ಪತ್ತು ಇಪ್ಪತ್ತೈದಾಗುತ್ತದೆ, ರಿಂಗ್ ರೋಡ್ ಸ್ವಲ್ಪ ಹಗುರಾಗಿ ಮೂವತ್ತು ಇಪ್ಪತ್ತೆಂಟಾಗುತ್ತದೆ. ಎರಡೂ ಸಮವಾಗುವವರೆಗೆ ತಿರುಗುವವರು ತಿರುಗುತ್ತಲೇ ಇರುತ್ತಾರೆ. ಸಮವಾದ ಮೇಲೆ ಸುದ್ದಿಗೆ ಬೆಲೆಯಿಲ್ಲ, ಯಾವ ಕಡೆ ಹೋದರೂ ಅಷ್ಟೇ ಹೊತ್ತು. ಎಲ್ಲರೂ ಸೇರಿ ಕಳೆದ ಸಮಯದ ಒಟ್ಟು ಮೊತ್ತ ಕಡಿಮೆಯಾಗಿರಲೇಬೇಕೆಂದೇನೂ ಇಲ್ಲ ಎಂದೂ ವಾರ್ಡ್ರಾಪ್ ಅವರ ಗಣಿತ ತೋರಿಸುತ್ತದೆ.

ಇದು ಸಮಾಧಾನದ ಸ್ಥಿತಿಯ ಲೆಕ್ಕ. ನಿಜವಾದ ರಸ್ತೆ ಅಷ್ಟು ಸಲೀಸಾಗಿ ಸಮಕ್ಕೆ ಬರುವುದಿಲ್ಲ. ಮೋಶೆ ಬೆನ್-ಅಕೀವಾ, ಆಂದ್ರೆ ದ ಪಾಲ್ಮಾ, ಇಸಾಮ್ ಕಾಯ್ಸಿ 1991ರಲ್ಲಿ ಬರೆದ ಪ್ರಬಂಧ ಹೆಸರಿಸಿದ ಅಪಾಯಗಳಲ್ಲಿ ಎರಡು ಇಲ್ಲಿ ಮುಖ್ಯ. ಒಂದು ಅತಿಪ್ರತಿಕ್ರಿಯೆ, ಇನ್ನೊಂದು ಒಂದೇ ಕಡೆ ಗುಂಪುಗೂಡುವಿಕೆ. ಅತಿಪ್ರತಿಕ್ರಿಯೆ ಎಂದರೇನೆಂದು ಸ್ನಾನದ ಮನೆಯಲ್ಲೇ ನೋಡಬಹುದು. ಛಾವಣಿಯ ಸೋಲಾರ್ ನೀರು ಕೆಳಗಿನ ನಲ್ಲಿಗೆ ಬರಲು ಹೊತ್ತು ಹಿಡಿಯುತ್ತದೆ. ಬಿಸಿ ಬಂದಿಲ್ಲವೆಂದು ಇನ್ನಷ್ಟು ತಿರುಗಿಸಿದವರಿಗೆ ಒಮ್ಮೆಲೇ ಸುಡುನೀರು ಸುರಿಯುತ್ತದೆ. ರಸ್ತೆಯ ಸುದ್ದಿಯಲ್ಲೂ ಅಂಥ ವಿಳಂಬವಿದೆ. ನಕ್ಷೆ ತೋರಿಸುವುದು ಕೆಲವು ನಿಮಿಷ ಹಿಂದಿನ ಸ್ಥಿತಿ, ನಾವು ಆ ಜಾಗ ಮುಟ್ಟುವುದು ಇನ್ನು ಹತ್ತು ನಿಮಿಷಕ್ಕೆ. ಈ ನಡುವೆ ಅದೇ ಹಸಿರು ಗೆರೆ ಕಂಡು ನೂರು ಜನ ಅಲ್ಲಿಗೆ ಹೊರಟಿರುತ್ತಾರೆ. ಅದಕ್ಕೇ ಈಗಿನ ನಕ್ಷೆಗಳು ಇರುವ ವೇಗವನ್ನು ಹೇಳಿ ಸುಮ್ಮನಾಗುವುದಿಲ್ಲ, ಹಿಂದಿನ ದಿನಗಳ ದಾಖಲೆಯಿಂದ ಮುಂದಾಗುವುದನ್ನು ಊಹಿಸುತ್ತವೆ.

ಈ ಲೆಕ್ಕದಲ್ಲಿ ಯಾರೂ ಸೇರಿಸದ ಇನ್ನೊಬ್ಬರಿದ್ದಾರೆ. ಆ ಕ್ರಾಸಿನಲ್ಲಿ ಮನೆ ಇರುವವರು. ಮೂವತ್ತು ಅಡಿ ರಸ್ತೆ, ಎರಡೂ ಬದಿ ನಿಂತ ಕಾರುಗಳು, ನಡುವೆ ಸೈಕಲ್ ಕಲಿಯುವ ಮಕ್ಕಳು, ರಂಗೋಲಿ ಹಾಕುವ ಹೆಂಗಸರು, ವಾಕಿಂಗ್ ಹೊರಟ ಹಿರಿಯರು. ಒಂದು ಬೆಳಿಗ್ಗೆಯಿಂದ ಅಲ್ಲಿ ಸಾಲುಗಟ್ಟಿ ಕ್ಯಾಬುಗಳು ಬರತೊಡಗುತ್ತವೆ. ಅಮೆರಿಕದ ನ್ಯೂಜೆರ್ಸಿಯ ಲಿಯೋನಿಯಾ ಎಂಬ ಪುಟ್ಟ ಊರು ಇದನ್ನು ತಾಳಲಾರದೆ 2018ರ ಜನವರಿಯಲ್ಲಿ ತನ್ನ ಹತ್ತಾರು ಒಳರಸ್ತೆಗಳನ್ನು ದಟ್ಟಣೆಯ ಹೊತ್ತಿನಲ್ಲಿ ಹೊರಗಿನವರಿಗೆ ಮುಚ್ಚಿತು. ನಮ್ಮಲ್ಲಿ ನಿವಾಸಿಗಳು ಗೇಟು ಹಾಕುತ್ತಾರೆ, ಹಂಪು ಹಾಕಿಸುತ್ತಾರೆ. ಸಾರ್ವಜನಿಕ ರಸ್ತೆಗೆ ಗೇಟು ಹಾಕುವುದು ತಪ್ಪೇ, ಆದರೆ ಅವರ ಸಂಕಟ ಸುಳ್ಳಲ್ಲ. ಒಬ್ಬ ಚಾಲಕನಿಗೆ ಉಳಿದ ನಾಲ್ಕು ನಿಮಿಷದ ಬೆಲೆಯನ್ನು ಆ ಬೀದಿಯ ಮಗು ತೆರುತ್ತಿದ್ದರೆ, ಅದನ್ನು ಲಾಭದ ಲೆಕ್ಕಕ್ಕೆ ಬರೆಯಲು ನಾನು ಒಪ್ಪುವುದಿಲ್ಲ.

ದಾರಿ ಬದಲಿಸಿ ಸಿಗುವ ಲಾಭ ಇಷ್ಟು ತೆಳುವಾದರೆ, ಹೊರಡುವ ಹೊತ್ತು ಬದಲಿಸಿದರೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಎರಡು ಮುಖ್ಯ ಪ್ರಯೋಗಗಳು ಬೆಂಗಳೂರಿನಲ್ಲೇ ನಡೆದಿವೆ. ನಮ್ಮವರಿಗೇ ಅವು ಅಷ್ಟಾಗಿ ಗೊತ್ತಿಲ್ಲ.

ಮೊದಲನೆಯದು ಪುಟ್ಟೇನಹಳ್ಳಿಯಿಂದ ಹೆಚ್ಚು ದೂರವಿಲ್ಲದ ಎಲೆಕ್ಟ್ರಾನಿಕ್ ಸಿಟಿಯದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಾಲಾಜಿ ಪ್ರಭಾಕರ್ ಮತ್ತು ಸಂಗಡಿಗರು ಇನ್ಫೋಸಿಸ್ ಜೊತೆ ಸೇರಿ 2008ರ ಕೊನೆಯಿಂದ ಆರು ತಿಂಗಳು ಇದನ್ನು ನಡೆಸಿದರು. ಕಂಪನಿಗೆ ಬಸ್ಸು, ಕಾರುಗಳಲ್ಲಿ ಬರುತ್ತಿದ್ದ ಸುಮಾರು 14,000 ಉದ್ಯೋಗಿಗಳಿಗೆ ಒಂದು ಅವಕಾಶ ಕೊಟ್ಟರು. ದಟ್ಟಣೆ ಏರುವ ಮೊದಲೇ ಬಂದು ತಲುಪಿದರೆ ಅಂಕ ಸಿಗುತ್ತದೆ, ಅಂಕ ಸೇರಿದವರ ಹೆಸರು ವಾರಕ್ಕೊಮ್ಮೆ ಬಹುಮಾನದ ಚೀಟಿಗೆ ಹೋಗುತ್ತದೆ. ದಂಡವಿಲ್ಲ, ಒತ್ತಾಯವಿಲ್ಲ. ಬೇಗ ಬರುವವರ ಸಂಖ್ಯೆ ಎರಡು ಪಟ್ಟಾಯಿತು. ಬಸ್ಸಿನಲ್ಲಿ ಬರುವವರ ಬೆಳಗಿನ ಪ್ರಯಾಣದ ಸರಾಸರಿ 71 ನಿಮಿಷದಿಂದ 54 ನಿಮಿಷಕ್ಕೆ ಇಳಿಯಿತು. ಹದಿನೇಳು ನಿಮಿಷ! ಹೊಸೂರು ರಸ್ತೆಗೆ ಒಂದು ಇಟ್ಟಿಗೆ ಸೇರಿಸದೆ ಸಿಕ್ಕಿದ್ದು ಅದು. ಬೇಗ ಹೊರಟರೆ ರಸ್ತೆ ಖಾಲಿ ಇರುತ್ತದೆಂಬುದು ಆ ಉದ್ಯೋಗಿಗಳಿಗೆ ಮೊದಲೇ ಗೊತ್ತಿತ್ತು. ಬದಲಾವಣೆ ತಂದದ್ದು ಸುದ್ದಿಯಲ್ಲ, ಸುದ್ದಿಯ ಜೊತೆ ಸಿಕ್ಕ ಒಂದು ಕಾರಣ.

ಎರಡನೆಯದನ್ನು 2017ರಲ್ಲಿ ಗೇಬ್ರಿಯಲ್ ಕ್ರೈಂಡ್ಲರ್ ಎಂಬ ಅರ್ಥಶಾಸ್ತ್ರಜ್ಞ ನಡೆಸಿದರು, ಫಲಿತಾಂಶ 2024ರಲ್ಲಿ ಇಕನಾಮೆಟ್ರಿಕಾ ಪತ್ರಿಕೆಯಲ್ಲಿ ಬಂತು. ಸ್ವಂತ ವಾಹನದಲ್ಲಿ ಓಡಾಡುವ ಸುಮಾರು ಐನೂರು ಬೆಂಗಳೂರಿಗರ ಫೋನಿನಲ್ಲಿ ಒಂದು ಆ್ಯಪ್ ಹಾಕಿ, ದಟ್ಟಣೆಯ ಹೊತ್ತಿನಲ್ಲಿ ಹೊರಟರೆ ಅವರಿಗಾಗಿ ತೆಗೆದಿಟ್ಟ ಹಣದಿಂದ ಇಷ್ಟಿಷ್ಟೆಂದು ಕಳೆಯುತ್ತ ಹೋದರು. ಜನ ಹೊರಡುವ ಹೊತ್ತನ್ನು ಒಂದಿಷ್ಟು ಸರಿಸಿಕೊಂಡರು, ಆದರೆ ಒಂದು ಮಿತಿಯೊಳಗೆ ಮಾತ್ರ. ಕ್ರೈಂಡ್ಲರ್ ಅವರ ಒಟ್ಟು ತೀರ್ಮಾನ ದಟ್ಟಣೆಯ ಹೊತ್ತಿನ ರಸ್ತೆಗೆ ಬೆಲೆ ವಿಧಿಸಬೇಕೆನ್ನುವವರ ಉತ್ಸಾಹ ತಗ್ಗಿಸುವಂಥದ್ದು. ಬೆಂಗಳೂರಿನಲ್ಲಿ ಗಾಡಿ ಹೆಚ್ಚಿದಂತೆ ಪ್ರಯಾಣದ ಸಮಯ ನಿಧಾನಕ್ಕೆ, ಒಂದೇ ಹದದಲ್ಲಿ ಏರುತ್ತದೆ. ಪಾಠಪುಸ್ತಕದಲ್ಲಿ ಬರೆಯುವ ಹಾಗೆ ಒಂದು ಬಿಂದುವಿನ ನಂತರ ಕಡಿದಾಗಿ ಮೇಲೇರುವುದಿಲ್ಲ. ಹಾಗಾಗಿ ಹೊತ್ತನ್ನು ಮರುಹಂಚುವುದರಿಂದ ನಗರಕ್ಕೆ ಒಟ್ಟಾರೆ ಸಿಗುವ ಲಾಭ ಚಿಕ್ಕದು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ತಿಳಿಯುವುದು ಇಷ್ಟು. ಒಂದೇ ಕಡೆ ಹೋಗುವ ಸಾವಿರಾರು ಜನ, ಅವರ ವೇಳೆಯನ್ನು ಸಡಿಲಿಸಬಲ್ಲ ಒಂದು ಕಚೇರಿ, ಅವರನ್ನು ಒಯ್ಯುವ ಬಸ್ಸುಗಳು ಇದ್ದಲ್ಲಿ, ಜೊತೆಗೊಂದು ಕಾರಣವೂ ಸಿಕ್ಕರೆ, ಸುದ್ದಿ ಕೆಲಸ ಮಾಡುತ್ತದೆ. ಮಗುವನ್ನು ಎಂಟೂವರೆಗೆ ಶಾಲೆಗೆ ಬಿಟ್ಟು ಒಂಬತ್ತೂವರೆಗೆ ಕಚೇರಿಯಲ್ಲಿ ಬೆರಳಚ್ಚು ಒತ್ತಬೇಕಾದ ತಾಯಿಗೆ ಹೊತ್ತನ್ನು ಸರಿಸುವ ಸ್ವಾತಂತ್ರ್ಯವೇ ಇಲ್ಲ. ಅವರ ಫೋನಿನಲ್ಲಿ ಎಷ್ಟು ನಿಖರವಾದ ನಿಮಿಷ ಬಂದರೂ ಅದು ಕೈಗೆಟುಕದ ತಿಳಿವಳಿಕೆ.

ಲೆಕ್ಕಕ್ಕೆ ಬಾರದವರು ಇನ್ನೂ ಇದ್ದಾರೆ. ಟಾಮ್‌ಟಾಮ್ ಕಂಪನಿಯ ಸಂಚಾರ ಸೂಚ್ಯಂಕ 2019ರಲ್ಲಿ ಬೆಂಗಳೂರನ್ನು ಜಗತ್ತಿನಲ್ಲೇ ಅತಿ ದಟ್ಟಣೆಯ ನಗರ ಎಂದಿತು. ಪ್ರಯಾಣಕ್ಕೆ ಖಾಲಿ ರಸ್ತೆಗಿಂತ ಸರಾಸರಿ ಶೇಕಡಾ 71ರಷ್ಟು ಹೆಚ್ಚು ಸಮಯ ಬೇಕಿತ್ತು. 2022ರ ಲೆಕ್ಕದಲ್ಲಿ ನಗರದ ಮಧ್ಯಭಾಗದಲ್ಲಿ 10 ಕಿಲೋಮೀಟರಿಗೆ 29 ನಿಮಿಷ 10 ಸೆಕೆಂಡ್. ಈ ಸಂಖ್ಯೆಗಳು ಬಂದಾಗಲೆಲ್ಲ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಆದರೆ ಇವು ವಾಹನದೊಳಗೆ ಕೂತವರ ನಿಮಿಷಗಳು. ವಾಹನ ಬರಲೆಂದು ರಸ್ತೆ ಬದಿಯಲ್ಲಿ ನಿಂತವರ ನಿಮಿಷಗಳು ಇದರಲ್ಲಿಲ್ಲ.

ನಿಂತವರ ಬಗ್ಗೆ ವಿಜ್ಞಾನ ಹೇಳುವುದು ಬಹಳ ಸ್ಪಷ್ಟ. ಅಮೆರಿಕದ ಸಿಯಾಟಲ್‌ನಲ್ಲಿ ಕ್ಯಾರಿ ವಾಟ್ಕಿನ್ಸ್ ಮತ್ತು ಸಂಗಡಿಗರು ಬಸ್ ನಿಲ್ದಾಣದ ಜನರನ್ನು ಗಮನಿಸಿ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಸ್ಸು ಎಲ್ಲಿದೆ ಎಂದು ತಿಳಿಯದವರಿಗೆ ತಾವು ಕಾದ ಹೊತ್ತು ನಿಜಕ್ಕಿಂತ ಹೆಚ್ಚೆನಿಸುತ್ತಿತ್ತು. ಫೋನಿನಲ್ಲಿ ಬಸ್ಸಿನ ಜಾಡು ನೋಡುತ್ತಿದ್ದವರಿಗೆ ಎಷ್ಟು ಕಾದರೋ ಅಷ್ಟೇ ಅನ್ನಿಸುತ್ತಿತ್ತು. ಜೊತೆಗೆ, ಮನೆ ಬಿಡುವ ಹೊತ್ತನ್ನು ಹೊಂದಿಸಿಕೊಳ್ಳುತ್ತಿದ್ದರಿಂದ ಅವರು ಕಾಯುತ್ತಿದ್ದದ್ದೇ ಸುಮಾರು ಎರಡು ನಿಮಿಷ ಕಡಿಮೆ. ಇಲ್ಲಿ ವಾರ್ಡ್ರಾಪ್ ಅವರ ತೊಡಕಿಲ್ಲ ಎಂಬುದನ್ನು ಗಮನಿಸಬೇಕು. ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ಐವತ್ತು ಜನರಿಗೆ ಗೊತ್ತಾದರೂ ಐವತ್ತು ಜನರಿಗೂ ಲಾಭ. ಒಬ್ಬರ ತಿಳಿವಳಿಕೆ ಇನ್ನೊಬ್ಬರ ದಾರಿಯನ್ನು ತುಂಬಿಸುವುದಿಲ್ಲ. ಕಾರಿನವರಿಗೆ ಕೊಟ್ಟ ಸುದ್ದಿ ಹಂಚಿಕೊಂಡಷ್ಟೂ ಸವೆಯುತ್ತದೆ, ಬಸ್ಸಿನವರಿಗೆ ಕೊಟ್ಟ ಸುದ್ದಿ ಹಂಚಿಕೊಂಡರೂ ಸವೆಯುವುದಿಲ್ಲ. ನಗರದ ಹಣವನ್ನು ಮೊದಲು ಎಲ್ಲಿ ಹಾಕಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಡ.

ನಗರದ ಬಸ್ ಸಂಸ್ಥೆಯಾದ ಬಿಎಂಟಿಸಿ ಇದನ್ನು ಅರಿಯದೇ ಇಲ್ಲ. 2016ರಲ್ಲೇ ಬಸ್ಸುಗಳಿಗೆ ಸ್ಥಾನಸೂಚಕ ಯಂತ್ರ, ನಿರ್ವಾಹಕರಿಗೆ ಎಲೆಕ್ಟ್ರಾನಿಕ್ ಟಿಕೆಟ್ ಯಂತ್ರ, ಪ್ರಯಾಣಿಕರಿಗೆ ಆ್ಯಪ್ ಇರುವ ವ್ಯವಸ್ಥೆ ತಂದಿತು. 2023ರಲ್ಲಿ ನಮ್ಮ ಬಿಎಂಟಿಸಿ ಎಂಬ ಹೊಸ ಆ್ಯಪ್ ಬಂತು. ಅದೇ ವರ್ಷದ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಉಚಿತ ಪ್ರಯಾಣ ಶುರುವಾಗಿ ನಿಲ್ದಾಣಗಳಲ್ಲಿ ಕಾಯುವವರ ಸಂಖ್ಯೆಯೂ ಏರಿತು. ಆದರೂ ನಿಲ್ದಾಣದಲ್ಲಿ ಜನ ಈಗಲೂ ಕತ್ತು ಚಾಚಿ ರಸ್ತೆಯನ್ನೇ ನೋಡುತ್ತಾರೆ. ಬಸ್ ಆ್ಯಪ್‌ನಲ್ಲಿ "5 ನಿಮಿಷ" ಎಂದು ಕಂಡು ಓಡಿಬಂದು, ಆ ಬಸ್ಸು ಬಾರದೇ ಹೋದ ಅನುಭವ ಒಂದೆರಡು ಸಲ ಆದರೆ ಸಾಕು, ನಂಬಿಕೆ ಹೋಯಿತು. ನೂರು ಸಲ ಸರಿಯಾದದ್ದು ನೆನಪಿನಲ್ಲಿ ನಿಲ್ಲುವುದಿಲ್ಲ, ಮಳೆಯಲ್ಲಿ ನೆನೆದ ಒಂದು ಸಂಜೆ ನಿಲ್ಲುತ್ತದೆ. ಕಾರಿನವರಿಗೆ ತಪ್ಪು ಸುದ್ದಿಯಿಂದ ಆಗುವ ನಷ್ಟ ಕೆಲವು ನಿಮಿಷ. ದಿನಗೂಲಿಗೆ, ಮನೆಗೆಲಸಕ್ಕೆ ಹೋಗುವವರಿಗೆ ಅದೇ ತಪ್ಪಿನ ಬೆಲೆ ಬೈಗುಳ, ಕೆಲವೊಮ್ಮೆ ಅರ್ಧ ದಿನದ ಸಂಬಳ. ಅದಕ್ಕೇ ಅವರು ಪಕ್ಕದವರನ್ನು "ಅಕ್ಕಾ, ಮೆಜೆಸ್ಟಿಕ್ ಬಸ್ಸು ಹೋಯ್ತಾ?" ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಸಿಗುವ ಉತ್ತರದಲ್ಲಿ ನಿಮಿಷಗಳಿರುವುದಿಲ್ಲ, ಆದರೆ ಕಣ್ಣಾರೆ ಕಂಡ ಸಾಕ್ಷಿ ಇರುತ್ತದೆ.

ಈ ಸಾಕ್ಷಿಯ ಕೊರತೆಯೇ ನಮ್ಮ ಸಂಚಾರ ಮಾಹಿತಿಯ ದೊಡ್ಡ ದೋಷ. ಕೆಂಪು ಗೆರೆ ಎಷ್ಟು ಎಂದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಮುಂದೆ ಬಸ್ಸು ಕೆಟ್ಟು ನಿಂತಿದೆಯೇ, ಮೆರವಣಿಗೆಯೇ, ಮರ ಬಿದ್ದಿದೆಯೇ, ನೀರು ನಿಂತಿದೆಯೇ? ಕಾರಣ ತಿಳಿದರೆ ಜನ ತಮ್ಮ ಬುದ್ಧಿಯನ್ನು ತಾವೇ ಸೇರಿಸಿ ತೀರ್ಮಾನಿಸಬಲ್ಲರು. ಮೆರವಣಿಗೆಯಾದರೆ ಅರ್ಧ ಗಂಟೆ ಕಾಯಬಹುದು, ಮರ ಬಿದ್ದಿದ್ದರೆ ಸುತ್ತಿ ಹೋಗಬೇಕು. ನೀರು ನಿಂತಿದ್ದರೆ ಹೋಗಲೇಬಾರದು. 2023ರ ಮೇ 21ರಂದು ಸುರಿದ ಮಳೆಯಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ನೀರು ತುಂಬಿ, ಅದರೊಳಗೆ ಸಿಕ್ಕಿಕೊಂಡ ಕ್ಯಾಬಿನಲ್ಲಿದ್ದ ಯುವತಿಯೊಬ್ಬಳು ತೀರಿಕೊಂಡಳು. ವಿಧಾನಸೌಧ ಅಲ್ಲಿಂದ ಕೂಗಳತೆಯಲ್ಲಿದೆ. ನಗರದ ಮಳೆಯನ್ನು ಅಳೆಯುವ ವ್ಯವಸ್ಥೆ ಆಗಲೇ ಇತ್ತು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ರೂಪಿಸಿದ ಬೆಂಗಳೂರು ಮೇಘಸಂದೇಶ ಆ್ಯಪ್ 2020ರಿಂದಲೇ ಬಳಕೆಗೆ ಸಿಗುತ್ತಿತ್ತು. ಎಲ್ಲೆಲ್ಲಿ ಎಷ್ಟು ಮಳೆ, ಎಲ್ಲಿ ನೀರು ನುಗ್ಗಬಹುದು ಎಂದು ತಿಳಿಸುವುದೇ ಅದರ ಕೆಲಸ. ಆದರೆ ಸ್ಟೀರಿಂಗ್ ಹಿಡಿದವನ ಕಣ್ಣ ಮುಂದೆ ಇರುವುದು ದಾರಿ ತೋರಿಸುವ ಆ್ಯಪ್, ಮಳೆಯ ಆ್ಯಪ್ ಅಲ್ಲ. ರಿಂಗ್ ರೋಡಿನಲ್ಲಿ ಪುಟ್ಟೇನಹಳ್ಳಿ, ಕದಿರೇನಹಳ್ಳಿಗಳಂಥ ಅಂಡರ್‌ಪಾಸ್‌ಗಳಿಗೆ ದಿನವೂ ಇಳಿದು ಏರುವ ನಮಗೆ ಈ ಎರಡು ಸುದ್ದಿಗಳು ಒಂದೇ ಪರದೆಯ ಮೇಲೆ ಬರುವುದು ಜೀವದ ಪ್ರಶ್ನೆ.

ಕದಿರೇನಹಳ್ಳಿಯ ಹೆಸರು ಬಂದದ್ದರಿಂದ ಒಂದು ಭರವಸೆಯ ಸಂಗತಿಯನ್ನೂ ಹೇಳಬೇಕು. 2022ರ ಜುಲೈಯಲ್ಲಿ ಬೆಂಗಳೂರು ಸಂಚಾರ ಪೊಲೀಸರು ಗೂಗಲ್ ಜೊತೆ ಒಪ್ಪಂದ ಮಾಡಿಕೊಂಡು, ನಕ್ಷೆಗೆ ಸೇರುವ ವೇಗದ ದತ್ತಾಂಶದಿಂದ ಸಿಗ್ನಲ್ಲುಗಳ ಹಸಿರು ದೀಪದ ಅವಧಿಯನ್ನು ಸರಿಪಡಿಸುವ ಪ್ರಯೋಗಕ್ಕೆ ಕೈ ಹಾಕಿದರು. ಮೊದಲ ಪ್ರಯೋಗದ ಜಾಗ ಬನಶಂಕರಿ ಪಕ್ಕದ ಕದಿರೇನಹಳ್ಳಿ ಜಂಕ್ಷನ್. ಅಲ್ಲಿ ಕಾಯುವ ಸಮಯ ಕಡಿಮೆಯಾದದ್ದನ್ನು ನೋಡಿ ಯೋಜನೆಯನ್ನು ಬೇರೆ ಜಂಕ್ಷನ್‌ಗಳಿಗೆ ಹಬ್ಬಿಸುವುದಾಗಿ ಪ್ರಕಟಿಸಿದರು. ಇಲ್ಲಿ ನನಗೆ ಮೆಚ್ಚುಗೆಯಾಗುವುದು, ಸುದ್ದಿಯನ್ನು ಜನರಿಗೆ ಹೇಳಿ ಅವರು ಏನಾದರೂ ಮಾಡಿಕೊಳ್ಳಲಿ ಎಂದು ಬಿಡುವ ಬದಲು, ಸುದ್ದಿಯಿಂದ ರಸ್ತೆಯನ್ನೇ ತಿದ್ದಿದ್ದು. ಆ ಜಂಕ್ಷನ್ ದಾಟುವ ಬಸ್ಸಿನವರಿಗೂ, ಫೋನೇ ಇಲ್ಲದವರಿಗೂ ಅದರ ಲಾಭ ಸಮನಾಗಿ ಸಿಕ್ಕಿತು.

ಇದೆಲ್ಲದಕ್ಕೂ ಬಂಡವಾಳ ನಮ್ಮ ನಿಮ್ಮ ಫೋನುಗಳು ಬಿಟ್ಟುಕೊಡುವ ಮಾಹಿತಿ. ದಿನವೂ ಬೆಂಗಳೂರಿಗರು ಬರೆಯುವ ಈ ದೊಡ್ಡ ದಾಖಲೆ ಬಹುಪಾಲು ಖಾಸಗಿ ಕಂಪನಿಗಳ ಕೈಯಲ್ಲಿದೆ. ಹೆಸರು ಗುರುತು ತೆಗೆದು, ಒಟ್ಟು ಲೆಕ್ಕವಾಗಿ ಅದು ನಗರಕ್ಕೆ, ಇಲ್ಲಿನ ಕಾಲೇಜುಗಳಿಗೆ, ಬಿಎಂಟಿಸಿಗೆ ಸಿಗುವಂತಾಗಬೇಕು. ಬಿಎಂಟಿಸಿಯೂ ತನ್ನ ಬಸ್ಸುಗಳ ಜಾಡನ್ನು ಯಾರು ಬೇಕಾದರೂ ಬಳಸಿಕೊಳ್ಳುವಂತೆ ಪೂರ್ತಿಯಾಗಿ ತೆರೆದಿಡಬೇಕು. ಆಗ ಯಾವುದೋ ಕಾಲೇಜಿನ ಹುಡುಗಿಯೊಬ್ಬಳು ಪುಟ್ಟೇನಹಳ್ಳಿಯ ನಿಲ್ದಾಣಕ್ಕೆ ಒಪ್ಪುವ ಉಪಾಯವನ್ನು ತಾನೇ ಕಟ್ಟಬಲ್ಲಳು.

ಪುಟ್ಟೇನಹಳ್ಳಿಯ ನಿವಾಸಿಗಳಿಗೆ ಸಂಘಟಿತರಾಗುವುದು ಹೊಸದಲ್ಲ. ಇಲ್ಲಿನ ಕೆರೆಯನ್ನು ಉಳಿಸಿಕೊಂಡದ್ದು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡ ನೆರೆಹೊರೆಯವರೇ. ಅವರಲ್ಲಿ, ಅಂಥ ಇತರ ಬಡಾವಣೆಗಳ ಸಂಘಗಳಲ್ಲಿ ನನ್ನ ಕೋರಿಕೆ ಇದು: ಮುಂದಿನ ಸಲ ನಿಮ್ಮ ವಾರ್ಡಿನ ಸಭೆಯಲ್ಲಿ ರಸ್ತೆ ಅಗಲ ಮಾಡಿ ಎಂದು ಕೇಳುವ ಮೊದಲು ಎರಡು ಫಲಕ ಕೇಳಿ. ಒಂದು ಬಸ್ ನಿಲ್ದಾಣದಲ್ಲಿ, ಮುಂದಿನ ಬಸ್ಸು ಯಾವುದು, ಎಷ್ಟು ಹೊತ್ತಿಗೆ ಎಂದು ಕನ್ನಡದಲ್ಲಿ, ದೂರದಿಂದ ಓದುವಷ್ಟು ದೊಡ್ಡ ಅಕ್ಷರದಲ್ಲಿ ತೋರಿಸುವಂಥದ್ದು. ಇನ್ನೊಂದು ಅಂಡರ್‌ಪಾಸ್‌ಗೆ ಇಳಿಯುವ ಮುಂಚೆ, ತಿರುಗಿಕೊಳ್ಳಲು ಜಾಗ ಇರುವ ಕಡೆ, ಒಳಗೆ ನೀರು ಎಷ್ಟಿದೆ ಎಂದು ಹೇಳುವಂಥದ್ದು. ಎರಡಕ್ಕೂ ಬೇಕಾದ ತಂತ್ರಜ್ಞಾನ ನಮ್ಮ ಕೈಯಲ್ಲಿ ಈಗಾಗಲೇ ಇದೆ.